ಎಂಟು ಪಾಯಿಖಾನೆ, ಏಳು ಬೀಗ

ಹಿಂದವಾಡಿ

ಶ್ರೀಲಂಕೆಯಿಂದ ಬಂದ ಮೇಲೆ ನಮ್ಮ ಹಿಂದವಾಡಿಯ ಓಣಿಯಲ್ಲಿ ಎಲ್ಲರೂ ಕೇಳಿದ್ದು ಎರಡೇ ಪ್ರಶ್ನೆ. ಅಶೋಕವನ ನೋಡಿದಿರಾ? ಲವಂಗ, ದಾಲ್ಚಿನ್ನಿ ತಂದಿರಾ? ನೋಡಲಿಲ್ಲ, ತರಲಿಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಯಿತು. ಹಾಗಾದರೆ ಇಡೀ ಬೇಸಿಗೆ ರಜೆ ಅಲ್ಲಿ ಏನು ಮಾಡಿದಿರಿ ಎಂದು ಎದುರುಮನೆಯ ವೈನಿ ಕೇಳಿದರು. ಪಾಯಿಖಾನೆ ಕಟ್ಟಿಸಿದೆ ಎಂದೆ. ಅವರು ಬಾಯಿಗೆ ಒಯ್ದಿದ್ದ ಚಹಾದ ಕಪ್ಪನ್ನು ಕೆಳಗಿಟ್ಟು, ಈ ಸಲ ಮಳೆ ತಡವಾಯಿತಲ್ಲ ಎಂದು ಮಾತು ತಿರುಗಿಸಿದರು.

ಆ ತಿರುಗಿಸಿದ ಮಾತಿನ ಸಿಟ್ಟಿನಲ್ಲೇ ಇದನ್ನು ಬರೆಯಲು ಕೂತಿದ್ದೇನೆ. ಮೂಗು ಮುಚ್ಚಿಕೊಳ್ಳುವವರು ಇಲ್ಲಿಗೇ ಪುಟ ಮಗುಚಬಹುದು, ನನ್ನದೇನೂ ಅಭ್ಯಂತರವಿಲ್ಲ.

ನಾನು ಬೆಳಗಾವಿಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಹುಡುಗರಿಗೆ ನೀರು, ಚರಂಡಿ, ಪಾಯಿಖಾನೆಗಳ ಪಾಠ ಹೇಳುವವಳು. ಸಮುದ್ರ ಉಕ್ಕಿ ಬಂದು ಲಂಕೆಯ ದಂಡೆಯನ್ನೆಲ್ಲ ಬಳಿದುಕೊಂಡು ಹೋದ ಕೆಲವು ತಿಂಗಳಿಗೆ ನನ್ನ ಹಳೆಯ ಸಹಪಾಠಿಯೊಬ್ಬಳ ಫೋನು ಬಂತು. ಅವಳು ಕೊಲಂಬೊದ ಒಂದು ನೆರವಿನ ಸಂಸ್ಥೆಯಲ್ಲಿದ್ದಳು. ಮನೆ ಕಳೆದುಕೊಂಡವರ ಶಿಬಿರಗಳಿಗೆ ಅಕ್ಕಿ ಬರುತ್ತಿದೆ, ಬಟ್ಟೆ ಬರುತ್ತಿದೆ, ಬೇಡವೆಂದರೂ ಔಷಧಿ ಬರುತ್ತಿದೆ, ಆದರೆ ತಿಂದ ಜನ ಎಲ್ಲಿಗೆ ಹೋಗಬೇಕು ಎಂದು ಯಾರೂ ಯೋಚಿಸಿಲ್ಲ ಎಂದಳು. ಸಿಮೆಂಟಿನಲ್ಲೇ ಪಾಯಿಖಾನೆಯ ಪ್ಯಾನು ಎರಕ ಹೊಯ್ಯುವ ಕೆಲಸ ನಮ್ಮ ಕಡೆಯವರಿಗೆ ಗೊತ್ತಿದೆಯೆಂದು ಅವಳಿಗೆ ನೆನಪಿತ್ತು. ರಜೆಗೆ ಬಾ, ಬರುವಾಗ ಗಾರೆ ಕೆಲಸದ ಒಬ್ಬ ಒಳ್ಳೆಯ ಗೌಂಡಿಯನ್ನು ಕರೆದುಕೊಂಡು ಬಾ ಎಂದಳು.

ಖಾನಾಪುರ

ಗೌಂಡಿ ಎಂದರೆ ನನಗೆ ಹೊಳೆದದ್ದು ಖಾನಾಪುರದ ಪರಶುರಾಮ. ಮಲಪ್ರಭೆಯ ಸೇತುವೆಯಿಂದ ಸ್ವಲ್ಪ ದೂರದಲ್ಲಿ ಅವನ ಅಂಗಳ. ಬಾವಿಗೆ, ಪಾಯಿಖಾನೆಯ ಗುಂಡಿಗೆ ಇಳಿಸುವ ಸಿಮೆಂಟಿನ ರಿಂಗುಗಳನ್ನು ಅಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿರುತ್ತಾನೆ. ಹೆಂಡತಿ ಮಕ್ಕಳ ಜೊತೆ ಮರಾಠಿ, ಗಿರಾಕಿಗಳ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಅವನ ಕೆಲಸ ಚೆನ್ನಾಗಿರುತ್ತದೆ, ಜಂಬ ಅದಕ್ಕಿಂತ ಒಂದು ಕೈ ಮೇಲೆ. ಯಾವ ಕೆಲಸ ಮುಗಿದರೂ ಅದಕ್ಕೊಂದು ಕರಿ ದಾರದಲ್ಲಿ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ಕಟ್ಟದೆ ಅವನಿಗೆ ಸಮಾಧಾನವಿಲ್ಲ. ತನ್ನ ಕೈಕೆಲಸಕ್ಕೆ ಊರ ಕಣ್ಣೆಲ್ಲ ಬೀಳುತ್ತದೆಂದು ಅವನ ಗಟ್ಟಿ ನಂಬಿಕೆ.

ಸಮುದ್ರದ ಹೆಸರು ಕೇಳಿ ಅವನ ಹೆಂಡತಿ ಅವನನ್ನು ಕಳಿಸಲು ಒಲ್ಲೆನೆಂದಳು. ಪೇಪರಿನಲ್ಲಿ ಬಂದಿದ್ದ ಚಿತ್ರಗಳನ್ನು ಅವಳೂ ನೋಡಿದ್ದಳು. ವಿಮಾನದಲ್ಲಿ ಹೋಗುವುದು ಎಂದು ಗೊತ್ತಾದಾಗ ಪರಶುರಾಮ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಏನು ಹೇಳಿದನೋ, ಹೊರಗೆ ಬಂದವಳು ನನಗೆ ಚಹಾ ಕೊಟ್ಟು, ಅವನಿಗೆ ಕಟ್ಟಿಕೊಡಲು ಕಟಕ್ ರೊಟ್ಟಿ ಎಷ್ಟು ಬೇಕಾದೀತು ಎಂದು ಕೇಳಿದಳು.

ಚೆನ್ನೈ

ಪ್ಯಾನಿನ ಮರದ ಅಚ್ಚನ್ನು ಪರಶುರಾಮ ಹಳೆಯ ಸೀರೆಯಲ್ಲಿ ಸುತ್ತಿ, ಕೂಸಿನ ಹಾಗೆ ಕಂಕುಳಲ್ಲಿಟ್ಟುಕೊಂಡು ಬಂದಿದ್ದ. ಉಳಿದ ಸಾಮಾನಿನ ಜೊತೆ ಹಾಕು ಎಂದರೆ ಕೇಳಲಿಲ್ಲ. ವಿಮಾನ ನಿಲ್ದಾಣದ ತಪಾಸಣೆಯ ಅಧಿಕಾರಿ ಸೀರೆ ಬಿಚ್ಚಿಸಿದ, ಅಚ್ಚನ್ನು ತಿರುಗಿಸಿ ನೋಡಿದ, ತಟ್ಟಿ ನೋಡಿದ, ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಪಾಠದ ಪುಸ್ತಕದಲ್ಲಿರುವ ಅದರ ಹೆಸರು ಹೇಳಿದೆ. ಅವನ ಅನುಮಾನ ಇನ್ನಷ್ಟು ಹೆಚ್ಚಿತು. ಅಷ್ಟರಲ್ಲಿ ಪರಶುರಾಮ ಆ ನುಣ್ಣನೆಯ ನೆಲದ ಮೇಲೆ ಅಚ್ಚನ್ನಿಟ್ಟು, ಪ್ಯಾಂಟು ಮೇಲೆಳೆದುಕೊಂಡು, ಎಲ್ಲರೆದುರು ಕುಕ್ಕರುಗಾಲಿನಲ್ಲಿ ಕೂತು ತೋರಿಸಿಬಿಟ್ಟ. ಸಾಲಿನಲ್ಲಿದ್ದ ಗಂಡಸರು ಮುಖ ತಿರುಗಿಸಿದರು. ಅಧಿಕಾರಿ ಅವಸರವಸರವಾಗಿ ಮುದ್ರೆ ಒತ್ತಿ, ಹೋಗಿ ಹೋಗಿ ಎಂದು ಕೈ ಬೀಸಿದ. ಬಾಂಬಿಗೆ ಹೆದರುವುದಕ್ಕಿಂತ ಹೆಚ್ಚು ಜನ ಇದಕ್ಕೆ ಹೆದರುತ್ತಾರೆ ಎಂದು ನನಗೆ ಅವತ್ತೇ ತಿಳಿಯಿತು.

ತೆಂಗಿನ ತೋಪು

ನಮ್ಮನ್ನು ಕರೆದೊಯ್ದ ಶಿಬಿರ ದ್ವೀಪದ ದಕ್ಷಿಣ ದಂಡೆಯಲ್ಲಿ, ಒಂದು ಬೌದ್ಧ ವಿಹಾರದ ತೆಂಗಿನ ತೋಪಿನಲ್ಲಿತ್ತು. ತಗಡಿನ ಖೋಲಿಗಳ ಸಾಲು. ಇದ್ದವರೆಲ್ಲ ಮೀನುಗಾರರ ಕುಟುಂಬಗಳು, ಮಾತು ಸಿಂಹಳ. ನಮಗೆ ದುಭಾಷಿಯಾಗಿ ಬಂದವರು ಕುಸುಮಾ ಟೀಚರ್. ಅವರ ಶಾಲೆಯೂ ಹೋಗಿತ್ತು, ಮನೆಯೂ ಹೋಗಿತ್ತು, ಅವರೂ ಅದೇ ಶಿಬಿರದ ಒಂದು ಖೋಲಿಯಲ್ಲಿದ್ದರು. ಆದರೂ ದಿನಾ ಬೆಳಿಗ್ಗೆ ಸೀರೆಯ ನೆರಿಗೆ ಒಂದಿಷ್ಟೂ ಕದಲದಂತೆ ಉಟ್ಟು, ಶಾಲೆಯ ಗಂಟೆ ಕೇಳಿದವರಂತೆ ಬಂದು ನಿಲ್ಲುತ್ತಿದ್ದರು.

ಅಲ್ಲಿಯ ಜನ ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ. ಅಂಗೈಯಲ್ಲಿ ಒಂದು ಚೂರು ಬೆಲ್ಲ ಇಟ್ಟುಕೊಂಡು, ಅದನ್ನೊಂದು ಸಲ ಕಚ್ಚಿ, ಚಹಾ ಒಂದು ಗುಟುಕು ಕುಡಿಯುತ್ತಾರೆ. ಪರಶುರಾಮ ಮೊದಲ ದಿನ ಬೆಲ್ಲವನ್ನೆಲ್ಲ ಒಮ್ಮೆಲೇ ಬಾಯಿಗೆ ಹಾಕಿಕೊಂಡು, ಬರೀ ಕರಿ ಚಹಾ ಕೈಯಲ್ಲಿ ಹಿಡಿದು ಪೇಚಾಡಿದ. ಮನೆಯೇ ಇಲ್ಲದವರು ನಮಗೆ ಕೂರಲು ಇದ್ದೊಂದು ಕುರ್ಚಿ ತಂದು ಹಾಕಿ, ಅದರ ಮೇಲೆ ಬಿಳಿ ಬಟ್ಟೆ ಹೊದಿಸಿದರು. ನಮ್ಮ ಕಡೆ ಬೀಗರು ಬಂದರೂ ಇಷ್ಟು ಮರ್ಯಾದೆ ಸಿಗುವುದು ಕಷ್ಟ.

ತೋಪಿನ ಒಂದು ಮೂಲೆಯಲ್ಲಿ ದಾನದ ರಾಶಿ ಬಿದ್ದಿತ್ತು. ಉಣ್ಣೆಯ ಕೋಟು, ಎತ್ತರದ ಹಿಮ್ಮಡಿಯ ಚಪ್ಪಲಿ, ಮುದ್ದೆಯಾದ ರಜಾಯಿ. ಆ ಸೆಕೆಯಲ್ಲಿ ಉಣ್ಣೆಯ ಕೋಟು ಕಳಿಸಿದ ಪುಣ್ಯಾತ್ಮನ ವಿಳಾಸ ಸಿಕ್ಕಿದ್ದರೆ ನಾನೇ ಅದನ್ನು ಅವನಿಗೆ ತೊಡಿಸಿ ಬರುತ್ತಿದ್ದೆ. ಪಾಯಿಖಾನೆಯೆಂದು ಇದ್ದದ್ದು ನಾಲ್ಕು ಗಳಕ್ಕೆ ಕಟ್ಟಿದ ಪ್ಲಾಸ್ಟಿಕ್ ಹಾಳೆ. ಅದರ ಗುಂಡಿ ಯಾವಾಗಲೋ ತುಂಬಿ, ಹಾಳೆ ಗಾಳಿಗೆ ಹರಿದು, ಹತ್ತಿರ ಹೋಗುವಂತಿರಲಿಲ್ಲ. ಹೆಂಗಸರು ಬೆಳಕು ಹರಿಯುವ ಮೊದಲು ದಂಡೆಯ ಬಂಡೆಗಳ ನಡುವೆ ಹೋಗಿ ಬರುತ್ತಿದ್ದರು. ಮಕ್ಕಳನ್ನು ಒಯ್ದ ಸಮುದ್ರ ಅದು. ಹಗಲಿನಲ್ಲಿ ಆ ಕಡೆ ಮುಖ ಹಾಕಿ ಕೂರದವರು, ಕತ್ತಲಲ್ಲಿ ಅದರ ಬಾಯಿಗೇ ಹೋಗಿ ಕೂರಬೇಕಾಗಿತ್ತು.

ನಿಲಂತಿಯನ್ನು ನಾನು ಕಂಡದ್ದು ಅಲ್ಲಿ. ಎಳೆ ಬಾಣಂತಿ. ಅಲೆ ಬಂದಾಗ ಬಸಿರಿ, ತೆಂಗಿನ ಮರ ತಬ್ಬಿ ಉಳಿದವಳು. ಆಪರೇಷನ್ ಮಾಡಿ ಕೂಸನ್ನು ತೆಗೆದಿದ್ದರು. ಹೊಲಿಗೆ ಮಾಗುತ್ತಿರಲಿಲ್ಲ. ಬಂಡೆಗಳ ಮೇಲೆ ಹತ್ತಿಳಿದು, ಉಪ್ಪುನೀರಿನಲ್ಲಿ ತೊಳೆದು, ಗಾಯ ಮತ್ತೆ ಮತ್ತೆ ಹಸಿಯಾಗುತ್ತಿತ್ತು. ಹೀಗೇ ಆದರೆ ಇನ್ನೊಮ್ಮೆ ಕೊಯ್ಯಬೇಕಾಗುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ಬಂಡೆಗಳಿಗೆ ಹೋಗುವುದು ತಪ್ಪಲೆಂದು ಅವಳು ಊಟ ಬಿಟ್ಟಿದ್ದಳು, ನೀರೂ ಬಿಟ್ಟಿದ್ದಳು. ಹಾಲು ಬತ್ತಿ ಕೂಸು ಕಿರುಚುತ್ತಿತ್ತು. ನಮ್ಮ ಖಾಸಬಾಗದ ಸಂತೆಗೆ ಸೊಪ್ಪು ಮಾರಲು ಬರುವ ಹೆಂಗಸರು ಹೀಗೆಯೇ ಬೆಳಗಿನಿಂದ ಸಂಜೆಯವರೆಗೆ ಒಂದು ಗುಟುಕು ನೀರು ಕುಡಿಯದೆ ಕೂರುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಅದನ್ನು ಕಂಡು ನಮ್ಮ ಊರಿನಲ್ಲಿ ಯಾರಿಗೂ ಮೈ ಉರಿದದ್ದನ್ನು ಮಾತ್ರ ನೋಡಿಲ್ಲ.

ಯಾವತ್ತು ಮುಗಿಯುತ್ತದೆ ಎಂದು ನಿಲಂತಿ ಕುಸುಮಾ ಟೀಚರ್ ಕೈಯಲ್ಲಿ ದಿನಾ ಕೇಳಿಸುತ್ತಿದ್ದಳು. ಬೇರೆ ಏನನ್ನೂ ಅವಳು ಕೇಳಲಿಲ್ಲ.

ಗುಂಡಿ

ಪರಶುರಾಮ ಖಾನಾಪುರದ ಕೆಂಪು ಮಣ್ಣಿನಲ್ಲಿ ಅಗೆದ ಧೈರ್ಯದಲ್ಲೇ ಅಲ್ಲಿಯೂ ಅಗೆದ. ಮೊಣಕಾಲುದ್ದ ಹೋಗುವುದರೊಳಗೆ ಗುಂಡಿಯಲ್ಲಿ ನೀರು ಬಂತು. ನೆರೆದಿದ್ದವರು ಸುಮ್ಮನೆ ನೋಡುತ್ತಿದ್ದರು. ನೀರು ಬರುತ್ತದೆಂದು ಅವರಿಗೆಲ್ಲ ಗೊತ್ತಿತ್ತಂತೆ. ದೂರದಿಂದ ಬಂದ ಅತಿಥಿಗಳಿಗೆ ಹೇಗೆ ಹೇಳುವುದು ಎಂದು ಸುಮ್ಮನಿದ್ದರಂತೆ. ನನಗೆ ಸಿಟ್ಟೂ ಬಂತು, ನಗುವೂ ಬಂತು. ಆಮೇಲೆ ಅಲ್ಲಿಯೇ ಎರಕ ಹೊಯ್ದ ರಿಂಗುಗಳನ್ನು ನೆಲದ ಮೇಲೆಯೇ ನಿಲ್ಲಿಸಿ, ಸುತ್ತ ಮಣ್ಣು, ಮರಳು ಏರಿಸಿ, ಮೆಟ್ಟಿಲು ಮಾಡಿ, ದಿಬ್ಬದ ಮೇಲೆ ಎಂಟು ಪಾಯಿಖಾನೆ ಎಬ್ಬಿಸಿದೆವು. ಬಾಗಿಲು ಯಾವ ಕಡೆಗಿರಬೇಕು ಎಂದು ಹೆಂಗಸರನ್ನು ಕೇಳಿದೆವು. ಸಮುದ್ರದ ಕಡೆ ಬೇಡ ಎಂದರು. ಬಾಗಿಲನ್ನು ತೋಪಿನ ಕಡೆಗಿಟ್ಟು, ಎದುರಿಗೆ ತೆಂಗಿನ ಗರಿಯ ತಡಿಕೆ ಕಟ್ಟಿದೆವು. ಮಣ್ಣು ಹೊತ್ತದ್ದು ಅವರೇ. ನಿಲಂತಿಯ ಅತ್ತೆ, ಎಲೆಅಡಿಕೆ ಬಾಯಿಯ ಮುದುಕಿ, ಎಲ್ಲರಿಗಿಂತ ಹೆಚ್ಚು ಬುಟ್ಟಿ ಹೊತ್ತಳು.

ನಿಂಬೆಹಣ್ಣು

ಕೆಲಸ ಮುಗಿದ ಮರುದಿನ ಬೆಳಿಗ್ಗೆ ಎಲ್ಲರೂ ಬರುತ್ತಾರೆಂದು ನಾನು ಹಿಗ್ಗಿನಿಂದ ಹೋಗಿ ನಿಂತೆ. ಒಬ್ಬರೂ ದಿಬ್ಬ ಹತ್ತಲಿಲ್ಲ. ತಂಬಿಗೆ ಹಿಡಿದು ಬಂದವರು ದೂರದಲ್ಲೇ ನಿಂತು, ತಿರುಗಿ ದಂಡೆಯ ಕಡೆ ನಡೆದರು. ನಿಲಂತಿಯೂ ಅತ್ತೆಯ ಕೈ ಹಿಡಿದು ಬಂಡೆಗಳ ಕಡೆಗೇ ಹೋದಳು.

ಎಂಟೂ ಬಾಗಿಲಿನ ಮೇಲೆ ಕರಿ ದಾರದಲ್ಲಿ ನಿಂಬೆಹಣ್ಣು, ಹಸಿಮೆಣಸಿನಕಾಯಿ ತೂಗುತ್ತಿದ್ದವು. ಪರಶುರಾಮ ಪೇಟೆಗೆ ಹೋಗಿ ತಂದು ಕಟ್ಟಿದ್ದ. ಕುಸುಮಾ ಟೀಚರ್ ಮುಖ ಬಾಡಿತ್ತು. ಆ ದಂಡೆಯ ಜನರಿಗೆ ಬಾಗಿಲಲ್ಲಿ ದಾರ ಕಟ್ಟಿದ ನಿಂಬೆಹಣ್ಣು ಕಂಡರೆ ಅದು ಯಾರೋ ಆಗದವರು ಮಾಡಿಸಿದ ಮಾಟ. ಮುಟ್ಟಿದವರ ಮನೆ ಉಳಿಯುವುದಿಲ್ಲ. ಇದ್ದದ್ದನ್ನೆಲ್ಲ ಕಳೆದುಕೊಂಡವರು ಇನ್ನೊಮ್ಮೆ ಕಳೆದುಕೊಳ್ಳುವ ಧೈರ್ಯ ಎಲ್ಲಿಂದ ತರಬೇಕು?

ನಾನು ಪರಶುರಾಮನಿಗೆ ಬಾಯಿಗೆ ಬಂದ ಹಾಗೆ ಬೈದೆ. ಅವನ ಕಣ್ಣಲ್ಲಿ ನೀರೇ ಬಂತು.

"ದೃಷ್ಟಿ ಆಗಬಾರ್ದಂತ ಕಟ್ಟೇನ್ರಿ ಅಕ್ಕಾರ. ನಮ್ಮ ಕಡೆ ಹೊಸಾ ಲಾರಿಗೆ ಕಟ್ತಾರ, ಅಂಗಡಿಗೆ ಕಟ್ತಾರ. ಸಂಡಾಸ ಏನ್ ಪಾಪಾ ಮಾಡೈತ್ರಿ?"

ಸಂಜೆ ಅವನೇ ಒಂದೊಂದಾಗಿ ಬಿಚ್ಚಿದ. ಏಳು ಬಿಚ್ಚಿ, ಕೊನೆಯದರ ಮುಂದೆ ನಿಂತು, ಒಂದಾದರೂ ಇರಲಿ, ಇಷ್ಟು ದೂರ ಬಂದು ಮಾಡಿದ ಕೆಲಸ ಎಂದು ಹಟ ಹಿಡಿದ. ದಣಿದಿದ್ದೆ, ನಾಳೆ ನೋಡೋಣ ಎಂದು ಬಿಟ್ಟೆ. ಉಳಿದ ಏಳು ಬಾಗಿಲುಗಳ ಕಡೆ ಜನರ ಮುಖ ಆಗಲೇ ತಿರುಗಿತ್ತು.

ಬೀಗ

ಮರುದಿನ ಜನಕ್ಕಿಂತ ಮೊದಲು ಸಂಸ್ಥೆಯ ಸಂಯೋಜಕ ಬಂದ. ಕೊಲಂಬೊದಿಂದ ವಾರಕ್ಕೊಮ್ಮೆ ಕಾರಿನಲ್ಲಿ ಬರುತ್ತಿದ್ದವನು. ಆ ಧೂಳು, ಆ ಉಪ್ಪುಗಾಳಿಯಲ್ಲೂ ಅಂಗಿಯ ಮಡಿಕೆ ಮುರಿಯದ ಅವನಿಗೆ ಪರಶುರಾಮ ಇಸ್ತ್ರಿ ಸಾಹೇಬ ಎಂದು ಹೆಸರಿಟ್ಟಿದ್ದ. ದಿಬ್ಬವನ್ನು ನೋಡಿ ತುಂಬ ಚೆನ್ನಾಗಿದೆ ಎಂದು ನನ್ನ ಕೈ ಕುಲುಕಿದ. ಆಮೇಲೆ ಶಿಬಿರದ ಕಾವಲುಗಾರನನ್ನು ಕರೆದು, ಕಾರಿನಿಂದ ಒಂದು ಚೀಲ ತರಿಸಿದ. ಚೀಲದ ತುಂಬ ಹೊಸ ಬೀಗಗಳು.

ದಾನಿಗಳು ಉದ್ಘಾಟನೆಗೆ ಬರುತ್ತಾರೆ, ಅಲ್ಲಿಯವರೆಗೆ ಇವು ಹೀಗೇ ಇರಬೇಕು ಎಂದ. ಯಾವಾಗ ಬರುತ್ತಾರೆ? ಬೇಗ. ಬೇಗ ಎಂದರೆ? ಅವರಿಗೆ ಅನುಕೂಲವಾದಾಗ. ನಾನು ನಿಲಂತಿಯ ಹೊಲಿಗೆಯ ಮಾತೆತ್ತಿದೆ. ಅವನು ಮರ್ಯಾದೆಯಿಂದಲೇ ಕೇಳಿಸಿಕೊಂಡ. ಅಷ್ಟೇ ಮರ್ಯಾದೆಯಿಂದ ಹೇಳಿದ: "ಮೇಡಂ, ಬಳಸಿದ ಪಾಯಿಖಾನೆಯ ಮುಂದೆ ಯಾರು ಫೋಟೋ ತೆಗೆಸಿಕೊಳ್ಳುತ್ತಾರೆ? ಫೋಟೋ ಇಲ್ಲದಿದ್ದರೆ ಮುಂದಿನ ಶಿಬಿರಕ್ಕೆ ಇಂಥದ್ದು ಒಂದೂ ಬರುವುದಿಲ್ಲ."

ಅವನ ಮಾತಿನಲ್ಲಿ ಹುರುಳಿತ್ತು ಎನ್ನುವುದೇ ನನ್ನ ಸಿಟ್ಟನ್ನು ಇನ್ನಷ್ಟು ಕೆರಳಿಸಿತು. ಮನುಷ್ಯರ ದೇಹಕ್ಕೆ ಅನುಕೂಲವಾದಾಗ ಎನ್ನುವುದು ಇರುವುದಿಲ್ಲ. ಅದು ಈ ಇಸ್ತ್ರಿ ಸಾಹೇಬನಿಗೂ ಗೊತ್ತಿತ್ತು, ಅವನ ದಾನಿಗಳಿಗೂ ಗೊತ್ತಿತ್ತು. ಗೊತ್ತಿದ್ದೂ ಬೀಗ ಹಾಕಿಸಿದ.

ಏಳು ಬಾಗಿಲಿಗೆ ಬೀಗ ಬಿತ್ತು. ಎಂಟನೆಯದರ ಮುಂದೆ ಕಾವಲುಗಾರ ನಿಂತುಬಿಟ್ಟ. ನಿಂಬೆಹಣ್ಣು ನೋಡಿದ, ಬೀಗ ಕೆಳಗಿಟ್ಟ, ಎರಡು ಹೆಜ್ಜೆ ಹಿಂದೆ ಸರಿದ. ಸಂಯೋಜಕ ಇಂಥದ್ದನ್ನೆಲ್ಲ ತಾನು ನಂಬುವುದಿಲ್ಲ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದ. ಹಾಗಾದರೆ ನೀವೇ ಹಾಕಿ ಎಂದೆ. ಅವನು ಗಡಿಯಾರ ನೋಡಿಕೊಂಡ, ಇದನ್ನು ಆಮೇಲೆ ನೋಡೋಣ ಎಂದ, ಕಾರಿಗೆ ಹೋಗುವಾಗ ಆ ಬಾಗಿಲನ್ನು ದೂರದಿಂದ ಸುತ್ತು ಹಾಕಿ ಹೋದ.

ಪರಶುರಾಮ ಸುತ್ತಿಗೆ ಎತ್ತಿಕೊಂಡ. "ಒಂದ ಏಟಿನ ಕೆಲಸ ಐತ್ರಿ, ಹೂಂ ಅನ್ರಿ." ನಾನು ಹೂಂ ಎನ್ನುವವಳೇ ಇದ್ದೆ. ಕುಸುಮಾ ಟೀಚರ್ ತಡೆದರು. ನೀವು ಇವತ್ತಲ್ಲ ನಾಳೆ ನಿಮ್ಮ ಊರಿಗೆ ಹೋಗುತ್ತೀರಿ, ಈ ತಗಡಿನ ಖೋಲಿ ಬೇಕೆನ್ನುವವರು ಬೇಕಾದಷ್ಟು ಜನ ಇದ್ದಾರೆ, ಬಿಟ್ಟು ಹೋಗಿ ಎಂದು ಆತ ನಮಗೆ ಹೇಳುತ್ತಾನೆ ಎಂದರು. ಸುತ್ತಿಗೆ ಕೆಳಗೆ ಬಿತ್ತು. ಕೊಲಂಬೊದ ಗೆಳತಿಗೆ ಫೋನು ಮಾಡಿದೆ. ಸ್ವಲ್ಪ ತಾಳ್ಮೆ ಇರಲಿ ಎಂದಳು. ತಾಳ್ಮೆ ಎಂಬ ಪದವನ್ನು ಕಂಡುಹಿಡಿದವರು ಖಂಡಿತ ಹೊಟ್ಟೆ ಖಾಲಿ ಮಾಡಿಕೊಂಡೇ ಕೂತಿದ್ದಿರಬೇಕು.

ಮಧ್ಯಾಹ್ನ ಬಾವಿಯ ಹತ್ತಿರ ಹೆಂಗಸರೆಲ್ಲ ಸೇರಿದ್ದಾಗ ಕುಸುಮಾ ಟೀಚರ್ ಅವರಿಗೆ ನಿಂಬೆಹಣ್ಣಿನ ಕಥೆ ಹೇಳಿದರು. ಅದು ಮಾಟವಲ್ಲ, ಬೆಳಗಾವಿ ಕಡೆಯ ಗೌಂಡಿಯ ಜಂಬ ಎಂದರು. ಮೊದಲು ಯಾರೂ ನಂಬಲಿಲ್ಲ. ಪರಶುರಾಮ ಹೋಗಿ ಆ ಹಣ್ಣನ್ನು ಮುಟ್ಟಿ, ಕಣ್ಣಿಗೊತ್ತಿಕೊಂಡು, ಮತ್ತೆ ಕಟ್ಟಿ ಬಂದ. ನಿಲಂತಿಯ ಅತ್ತೆ ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೆಂಪು ಬಾಯಿ ತೆರೆದು ನಕ್ಕು ಏನೋ ಹೇಳಿದಳು. ಟೀಚರ್ ನನ್ನ ಕಡೆ ತಿರುಗಿದರು.

"ಅದನ್ನು ಬಿಚ್ಚಬೇಡಿ ಅನ್ನುತ್ತಿದ್ದಾಳೆ. ಅದು ಇರುವವರೆಗೆ ಬೀಗ ಬರುವುದಿಲ್ಲ. ಮಾಟವಲ್ಲವೆಂದು ನಮ್ಮ ಗಂಡಸರಿಗೂ ಹೇಳಬೇಡಿ ಅನ್ನುತ್ತಿದ್ದಾಳೆ."

ಅವತ್ತು ಮೊದಲು ಒಳಗೆ ಹೋದವಳು ನಿಲಂತಿ. ಆಮೇಲೆ ಹೆಂಗಸರು ತಡಿಕೆಯ ಹಿಂದೆ ಸರದಿ ಹಚ್ಚಿದರು. ಕಾವಲುಗಾರ ಆ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಎಂಟಿರುವ ಕಡೆ ಒಂದು. ಆ ಒಂದೂ ನಮ್ಮ ತಪ್ಪಿನಿಂದ ಉಳಿದದ್ದು. ಆದರೂ ನಿಲಂತಿ ಹೊಟ್ಟೆ ತುಂಬ ಅನ್ನ ತಿಂದಳು. ಹೊಲಿಗೆ ಒಣಗತೊಡಗಿತು. ಕೂಸಿಗೆ ಹಾಲು ಬಂತು, ಅದರ ಕಿರುಚಾಟ ನಿಂತು ತೋಪಿನಲ್ಲಿ ಗಾಳಿಯ ಸದ್ದು ಕೇಳಿಸತೊಡಗಿತು.

ಮಂತ್ರವಾದಿ

ದಾನಿಗಳ ದಿನ ಗೊತ್ತಾದ ಕೂಡಲೇ ಸಂಯೋಜಕ ಮತ್ತೆ ಬಂದ. ಕಾರಿನಲ್ಲಿ ಅವನ ಪಕ್ಕ ಒಬ್ಬ ಮಂತ್ರವಾದಿ ಕೂತಿದ್ದ. ಇಂಥದ್ದನ್ನೆಲ್ಲ ನಂಬದವನು! ಬಾವಿಗೆ ನುಗ್ಗಿದ ಉಪ್ಪುನೀರು ತೆಗೆಸಿ ಎಂದು ಕೇಳಿದಾಗ, ಹರಿದ ಪ್ಲಾಸ್ಟಿಕ್ ಹಾಳೆ ಬದಲಿಸಿ ಎಂದು ಕೇಳಿದಾಗ ಇರದಿದ್ದ ಪುರುಸೊತ್ತು, ಮಂತ್ರವಾದಿಯನ್ನು ಹುಡುಕಿ ತರುವುದಕ್ಕೆ ಇತ್ತು. ಮಂತ್ರವಾದಿ ದೀಪ ಹಚ್ಚಿ, ಬೇರೆ ನಿಂಬೆಹಣ್ಣು ಕತ್ತರಿಸಿ, ಬಹಳ ಹೊತ್ತು ಏನೇನೋ ಹೇಳಿ, ಪರಶುರಾಮನ ದಾರವನ್ನು ಕೋಲಿನ ತುದಿಯಿಂದ ಎತ್ತಿ ಸಮುದ್ರಕ್ಕೆ ಎಸೆದ. ಒಳಗೆ ತೊಳೆಸಿದರು. ಎಂಟನೆಯದಕ್ಕೂ ಬೀಗ ಬಿತ್ತು.

ಹೆಂಗಸರು ತಂಬಿಗೆ ಹಿಡಿದು ನಿಂತು ನೋಡಿದರು. ನಿಲಂತಿ ಮತ್ತೆ ಬಂಡೆಗಳ ಕಡೆ ಹೋಗಬೇಕಾಯಿತು. ಎರಡು ದಿನದಲ್ಲಿ ಗಾಯ ಒಡೆದು ಜ್ವರ ಬಂತು. ಅವಳ ಖೋಲಿಯಲ್ಲಿ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ನಾನು ಅತ್ತುಬಿಟ್ಟೆ. ದುಃಖಕ್ಕಲ್ಲ. ಇಷ್ಟು ಓದಿ, ಇಷ್ಟು ದೂರ ಬಂದು, ರಿಂಗಿನ ಮೇಲೆ ರಿಂಗು ನಿಲ್ಲಿಸಿ, ಕೊನೆಗೆ ಬೀಗ ಕಾಯುವವಳಾದೆನಲ್ಲ ಎಂಬ ಸಿಟ್ಟಿಗೆ.

ಉದ್ಘಾಟನೆ

ದಾನಿಗಳು ವಯಸ್ಸಾದ ಗಂಡಹೆಂಡತಿ, ತಣ್ಣನೆಯ ಯಾವುದೋ ದೇಶದವರು. ಕೆಟ್ಟವರಲ್ಲ. ಇಳಿದವರೇ ಎಲ್ಲರಿಗೂ ಕೈ ಮುಗಿದರು. ಎರಡು ತೆಂಗಿನ ಮರಗಳ ನಡುವೆ, ಎಂಟೂ ಬಾಗಿಲುಗಳ ಮುಂದೆ ಒಂದು ಕೆಂಪು ರಿಬ್ಬನ್ನು ಕಟ್ಟಿತ್ತು. ಕತ್ತರಿಯ ತಟ್ಟೆ ಹಿಡಿಯಲು ಸಂಯೋಜಕ ಆರಿಸಿದ್ದು ನಿಲಂತಿಯನ್ನೇ. ಎಳೆ ಬಾಣಂತಿ, ಕಂಕುಳಲ್ಲಿ ಕೂಸು, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ ಎಂದಿದ್ದನಂತೆ. ಹೊಸ ಸೀರೆ ಉಡಿಸಿದ್ದರು. ಜ್ವರದಿಂದ ಅವಳ ಕಣ್ಣು ಕೆಂಪಾಗಿತ್ತು.

ಭಾಷಣ ಮುಗಿಯಿತು. ದಾನಿ ನಗುತ್ತಾ ಕತ್ತರಿಗೆ ಕೈ ಚಾಚಿದರು. ನಿಲಂತಿ ತಟ್ಟೆಯನ್ನು ಮುಂದೆ ಮಾಡಲಿಲ್ಲ. ಸಂಯೋಜಕನ ಕಡೆ ತಿರುಗಿ ಮೆಲ್ಲಗೆ ಏನೋ ಹೇಳಿದಳು. ನೀರಿನ ತಂಬಿಗೆ ಹಿಡಿದು ನಿಂತಿದ್ದ ಕುಸುಮಾ ಟೀಚರ್ ನನ್ನ ಕಿವಿಯಲ್ಲಿ ಉಸುರಿದರು.

"ಮೊದಲು ಕೀಲಿಕೈ. ಆಮೇಲೆ ಕತ್ತರಿ."

ಸಂಯೋಜಕ ನಕ್ಕು, ಪಾಪ, ನಾಚಿಕೆ ಎಂದು ದಾನಿಗಳಿಗೆ ಹೇಳಿದ. ಅವಳ ಹತ್ತಿರ ಬಾಗಿ ಹಲ್ಲು ಕಚ್ಚಿ ಏನೋ ಅಂದ. ಅವಳು ಕದಲಲಿಲ್ಲ. ಅತ್ತೆ ಬಂದು ಪಕ್ಕದಲ್ಲಿ ನಿಂತಳು. ಅವಳ ಹಿಂದೆ ಮಣ್ಣು ಹೊತ್ತ ಹೆಂಗಸರೆಲ್ಲ ಬಂದು ನಿಂತರು. ಯಾರೂ ಕೂಗಲಿಲ್ಲ. ಕ್ಯಾಮೆರಾದವನು ತೆಗೆಯುತ್ತಲೇ ಇ‌ದ್ದ. ಕ್ಯಾಮೆರಾದ ಮುಂದೆ ಸಂಯೋಜಕನ ನಗು ಮಾಸುತ್ತಾ ಬಂತು. ಕೊನೆಗೆ ಅವನ ಕೈ ಜೇಬಿಗೆ ಹೋಯಿತು.

ಕೀಲಿಕೈಗಳ ಗೊಂಚಲನ್ನು ಅವಳು ಸೆರಗಿನ ತುದಿಗೆ ಕಟ್ಟಿಕೊಂಡಳು. ತಟ್ಟೆಯನ್ನು ಅತ್ತೆಗೆ ಕೊಟ್ಟಳು. ಕೂಸನ್ನು ಸಂಯೋಜಕನ ಇಸ್ತ್ರಿ ಅಂಗಿಯ ಮೇಲೆ ಒರಗಿಸಿ, ಅವನ ಎರಡೂ ಕೈ ಅದರ ಸುತ್ತ ಸರಿಮಾಡಿದಳು. ಕುಸುಮಾ ಟೀಚರ್ ಕೈಯಿಂದ ನೀರಿನ ತಂಬಿಗೆ ತೆಗೆದುಕೊಂಡು, ರಿಬ್ಬನ್ನಿನ ಕೆಳಗೆ ಬಗ್ಗಿ, ಹೊಟ್ಟೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ, ಮೊದಲನೆಯ ಬಾಗಿಲಿನ ಬೀಗ ತೆಗೆದಳು. ಒಳಗಿನಿಂದ ಚಿಲಕ ಬಿತ್ತು.

ಹೊರಗೆ ಯಾರಿಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಕತ್ತರಿಗೆ ಚಾಚಿದ್ದ ಕೈಯನ್ನು ದಾನಿ ನಿಧಾನವಾಗಿ ಹಿಂದೆ ತೆಗೆದುಕೊಂಡರು. ಅವರ ಹೆಂಡತಿ ಈಗ ಏನಾಗುತ್ತಿದೆ ಎಂದು ಟೀಚರನ್ನು ಕೇಳಿದರು. ಟೀಚರ್ ನೆರಿಗೆ ಸರಿಮಾಡಿಕೊಂಡು, ತಮ್ಮ ಶಾಲೆಯ ಇಂಗ್ಲಿಷಿನಲ್ಲಿ ಒಂದೊಂದೇ ಪದ ಬಿಡಿಸಿ ಹೇಳಿದರು: ಅವಳು ಒಳಗಿದ್ದಾಳೆ, ದಯವಿಟ್ಟು ಕಾಯಿರಿ.

ನಾವೆಲ್ಲ ಕಾದೆವು. ಒಳಗಿದ್ದವಳು ಅವಸರ ಮಾಡಲಿಲ್ಲ.